ಯಜಮಾನರ ಗುಳಿಗೆ: ಕಂಪನಿಯದೋ, ಜೆನೆರಿಕ್ಕೋ, ಬೆರೆಸಿ ಕೊಟ್ಟದ್ದೋ?



ಹಲಸಿನ ಹಪ್ಪಳದ ಬಗ್ಗೆ ಬರೆದದ್ದಕ್ಕೆ ಬಂದ ಪತ್ರಗಳ ಕಟ್ಟಿನಲ್ಲಿ ಈ ಸಲ ಒಂದು ಲಕೋಟೆ ಬೇರೆಯಾಗಿಯೇ ಇತ್ತು. ಸುತ್ತಲೂ ಅಂಟು ಹಚ್ಚಿ, ಮೇಲೆ "ಅಕ್ಕನವರೇ ಒಡೆಯಬೇಕು" ಅಂತ ಬರೆದಿತ್ತು. ಒಳಗೆ ಹಪ್ಪಳದ ಸುದ್ದಿಯೇ ಇಲ್ಲ! ಹೆಸರು, ಊರು ಹಾಕಬೇಡಿ ಎಂದು ಆ ಸೋದರಿ ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ. ವಿಷಯ ಇಷ್ಟು. ಆಕೆಯ ಯಜಮಾನರಿಗೆ 51 ವರ್ಷ, ಏಳು ವರ್ಷದಿಂದ ಸಕ್ಕರೆ ಕಾಯಿಲೆ. ಬಟ್ಟೆ ನೆನೆಹಾಕುವಾಗ ಪ್ಯಾಂಟಿನ ಜೇಬಿನಲ್ಲಿ ನಾಲ್ಕು ಮಾತ್ರೆಯ ಸ್ಟ್ರಿಪ್ ಸಿಕ್ಕಿದೆ. ಒಂದು ಖಾಲಿ. ಕೇಳಿದರೆ ಮೊದಲು ಸಿಡುಕಿದರಂತೆ, ಆಮೇಲೆ ತಲೆ ತಗ್ಗಿಸಿ, ಒಂದೂವರೆ ವರ್ಷದಿಂದ ತೊಂದರೆ ಇದೆ, ಆಫೀಸಿನ ಸ್ನೇಹಿತರು ತಂದುಕೊಟ್ಟರು ಅಂದರಂತೆ.

ಆಕೆಯ ಮಾತಿನಲ್ಲೇ ಹೇಳುತ್ತೇನೆ: "ಒಬ್ಬ ಸ್ನೇಹಿತರು ದೊಡ್ಡ ಕಂಪನಿಯದೇ ತಗೋ ಅಂತಾರಂತೆ. ಇನ್ನೊಬ್ಬರು ಜೆನೆರಿಕ್ ಸಾಕು, ದುಡ್ಡು ಯಾಕೆ ದಂಡ ಅಂತಾರಂತೆ. ಅಮೆರಿಕದಲ್ಲಿರೋ ನಮ್ಮ ಮೈದುನ, ಇಲ್ಲಿ ಅವರವರಿಗೆ ತಕ್ಕ ಹಾಗೆ ಬೆರೆಸಿ ಮಾಡಿಕೊಡ್ತಾರೆ, ನಾನೇ ತರ್ತೀನಿ ಅಂತಾನೆ. ಯಾವುದು ಒಳ್ಳೇದು ಅಕ್ಕ? ಯಾರನ್ನ ಕೇಳಲಿ?"

ಅಡುಗೆ ಪುಟದ ಪಕ್ಕದಲ್ಲಿ ಇಂಥ ಮಾತೇ ಅಂತ ಮೂಗು ಮುರಿಯುವವರು ಇರಬಹುದು. ಡಾ. ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ' ಬರೆದದ್ದು ನಮ್ಮ ಅಮ್ಮಂದಿರ ಕಾಲದಲ್ಲೇ, ಸ್ವಾಮಿ. ನಾವು ಈಗಲೂ ಸೆರಗಿನ ಮರೆಯಲ್ಲೇ ಕೇಳಬೇಕೇ? ನಾನೇನೋ ಎಸ್ಸೆಸ್ಸೆಲ್ಸಿ ಓದಿದವಳು. ಆದರೆ ನಮ್ಮ ಸೋದರತ್ತೆಯ ಮಗ ಇಪ್ಪತ್ತು ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದಾನೆ, ನಮ್ಮ ಮನೆ ಡಾಕ್ಟರಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ. ಇಬ್ಬರನ್ನೂ ಕಾಡಿಸಿ, ಪೀಡಿಸಿ ತಿಳಿದುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಮಾತ್ರೆ ಏನು ಮಾಡುತ್ತೆ ಅನ್ನೋದು ಗೊತ್ತಿರಲಿ. ಈ ತೊಂದರೆಗೆ ಡಾಕ್ಟರುಗಳು ನಿಮಿರು ದೌರ್ಬಲ್ಯ ಅನ್ನುತ್ತಾರೆ. ಮನಸ್ಸಿಗೆ ಆಸೆ ಹುಟ್ಟಿದಾಗ ಗಂಡಸರ ಆ ಭಾಗದ ನರಗಳಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಟು ರಕ್ತನಾಳ ಸಡಿಲವಾಗುತ್ತದೆ, ರಕ್ತ ತುಂಬಿಕೊಳ್ಳುತ್ತದೆ. ಆ ಸಡಿಲವನ್ನು ಮತ್ತೆ ಬಿಗಿಮಾಡಲು ದೇಹದಲ್ಲೇ ಒಂದು ಕಿಣ್ವ ಇದೆ. ಮಾತ್ರೆ ಆ ಕಿಣ್ವದ ಕೈ ಸ್ವಲ್ಪ ಹೊತ್ತು ಕಟ್ಟಿಹಾಕುತ್ತದೆ, ಅಷ್ಟೇ. ಆಸೆಯನ್ನು ಅದು ಹುಟ್ಟಿಸುವುದಿಲ್ಲ. ಶಕ್ತಿ ಟಾನಿಕ್ಕೂ ಅಲ್ಲ. ನುಂಗಿ ಟಿ.ವಿ. ಮುಂದೆ ಕೂತರೆ ತಲೆನೋವು ಬಂದೀತೇ ಹೊರತು ಬೇರೇನೂ ಆಗದು.

ತಮಾಷೆ ನೋಡಿ, ಇದನ್ನು ಹುಡುಕಿದ್ದು ಈ ಕೆಲಸಕ್ಕೇ ಅಲ್ಲ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ ಫೈಜರ್ ಕಂಪನಿಯವರು ಎದೆನೋವಿಗೆಂದು ಸಿಲ್ಡೆನಾಫಿಲ್ ಎಂಬ ಔಷಧಿ ಪರೀಕ್ಷೆ ಮಾಡುತ್ತಿದ್ದರು. ಎದೆನೋವಿಗೆ ಅಂಥ ಗುಣ ಕಾಣಲಿಲ್ಲ, ಪರೀಕ್ಷೆಗೆ ಬಂದ ಗಂಡಸರು ಬೇರೆಯೇ ಪರಿಣಾಮ ಹೇಳಿದರು. 1998ರ ಮಾರ್ಚಿನಲ್ಲಿ ಅಮೆರಿಕದಲ್ಲಿ 'ವಯಾಗ್ರ' ಎಂಬ ನೀಲಿ ಮಾತ್ರೆಯಾಗಿ ಒಪ್ಪಿಗೆ ಪಡೆಯಿತು. (ಹೆಸರು ಕೇಳಿ ನಮ್ಮ ವ್ಯಾಘ್ರನಿಂದ ಬಂದಿದೆ ಅಂದುಕೊಂಡವರೂ ಉಂಟು!) ನೈಟ್ರಿಕ್ ಆಕ್ಸೈಡಿನ ಕೆಲಸ ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ ಅದೇ ವರ್ಷ ನೊಬೆಲ್ ಬಹುಮಾನ ಬಂತು. 2003ರಲ್ಲಿ ಟಡಾಲಾಫಿಲ್ ಎಂಬ ಇನ್ನೊಂದು ಅಮೆರಿಕದ ಅಂಗಡಿಗಳಿಗೆ ಬಂತು, ಅದರ ಮೂಲ ಬ್ರಾಂಡ್ ಸಿಯಾಲಿಸ್. ಎದೆನೋವಿನ ಸಂಬಂಧ ಮಾತ್ರ ಮರೆಯಬೇಡಿ, ಮುಂದೆ ಅದೇ ಮುಖ್ಯ ಆಗುತ್ತೆ.

ಈಗ ಕಂಪನಿಯದೋ ಜೆನೆರಿಕ್ಕೋ ಅನ್ನುವ ಪ್ರಶ್ನೆ. ಹೊಸ ಔಷಧಿ ಕಂಡುಹಿಡಿದ ಕಂಪನಿಗೆ ಇಷ್ಟು ವರ್ಷ ಬೇರೆ ಯಾರೂ ಮಾಡಿ ಮಾರಕೂಡದು ಅಂತ ಪೇಟೆಂಟ್ ಸಿಗುತ್ತದೆ. ಅದು ಮುಗಿದ ಮೇಲೆ ಬೇರೆಯವರು ಮಾಡುವ ಅದೇ ಔಷಧಿಯೇ ಜೆನೆರಿಕ್. ಅಮೆರಿಕದವರು ಜೆನೆರಿಕ್ ಸಿಲ್ಡೆನಾಫಿಲ್ಲಿಗೆ 2017ರ ಡಿಸೆಂಬರ್ ತನಕ ಕಾಯಬೇಕಾಯಿತು. ನಮ್ಮ ಕಥೆ ಬೇರೆ. ನಮ್ಮ 1970ರ ಪೇಟೆಂಟ್ ಕಾಯಿದೆಯಲ್ಲಿ ಔಷಧಿ ವಸ್ತುವಿಗೇ ಪೇಟೆಂಟ್ ಇರಲಿಲ್ಲ, ಮಾಡುವ ವಿಧಾನಕ್ಕೆ ಮಾತ್ರ. 2005ರಲ್ಲಿ ಆ ಕಾಯಿದೆ ಬದಲಾಯಿತು. ಹೀಗಾಗಿ 2001ರ ಹೊತ್ತಿಗೇ ನಮ್ಮ ದೇಶದ ಕಂಪನಿಗಳು ತಮ್ಮ ತಮ್ಮ ಹೆಸರಿಟ್ಟು ಇದನ್ನು ಮಾರತೊಡಗಿದವು. ಅಸಲು ವಯಾಗ್ರ ನಮ್ಮ ಅಂಗಡಿಗೆ ಕಾಲಿಟ್ಟದ್ದು ಅದಾದ ಕೆಲವು ವರ್ಷಗಳ ಮೇಲೆ. ಮಗ ಮೊದಲು ಬಂದು ಅಪ್ಪ ಆಮೇಲೆ ಬಂದ ಹಾಗೆ!

ಆದ್ದರಿಂದ ಆ ಸ್ನೇಹಿತರು "ದೊಡ್ಡ ಕಂಪನಿಯದು" ಅಂದದ್ದೂ ಬಹುಶಃ ಜೆನೆರಿಕ್ಕೇ, ಮೇಲೆ ಒಂದು ಚಂದದ ಹೆಸರು ಇದೆ ಅಷ್ಟೇ. ಸ್ಟ್ರಿಪ್ ಕೈಗೆ ತಗೊಂಡು ನೋಡಿ. ಔಷಧಿಯ ನಿಜವಾದ ಹೆಸರು ಬ್ರಾಂಡಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಇರಬೇಕೆಂದು 2018ರಿಂದ ನಿಯಮ ಇದೆ. ಸಿಲ್ಡೆನಾಫಿಲ್ ಸಿಟ್ರೇಟ್ ಅಂತಲೋ ಟಡಾಲಾಫಿಲ್ ಅಂತಲೋ ಇರುತ್ತದೆ, ಪಕ್ಕದಲ್ಲಿ ಎಷ್ಟು ಮಿಲಿಗ್ರಾಂ ಅಂತಲೂ. ಕನ್ನಡಕ ಹಾಕಿಕೊಂಡಾದರೂ ಓದಿ. ಬಣ್ಣದ ಹೊದಿಕೆಗೆ ಮರುಳಾಗಬೇಡಿ.

ಗುಣದಲ್ಲಿ ವ್ಯತ್ಯಾಸ ಇಲ್ಲವೇ? ಒಂದೇ ಕಾರ್ಖಾನೆಯ ಸಕ್ಕರೆಯನ್ನು ಎರಡು ಚೀಲಕ್ಕೆ ತುಂಬಿದ ಹಾಗೆ ಅಂತ ನಾನು ಕೇಳಿದ್ದಕ್ಕೆ ನಮ್ಮ ಸೋದರತ್ತೆ ಮಗ, "ಅಷ್ಟು ಸಲೀಸಲ್ಲ ಕಣಕ್ಕ" ಅಂದ. ಒಳಗಿನ ಔಷಧಿ ಒಂದೇ, ಅದರ ಜೊತೆ ಸೇರಿಸುವ ಪಿಷ್ಟ, ಬಣ್ಣ, ಮೇಲಿನ ಲೇಪ ಬೇರೆ ಬೇರೆ. ಅದಕ್ಕೇ ಒಳ್ಳೆಯ ಜೆನೆರಿಕ್ಕನ್ನು ಆರೋಗ್ಯವಂತರಿಗೆ ಕೊಟ್ಟು, ಗಂಟೆ ಗಂಟೆಗೂ ರಕ್ತ ತೆಗೆದು, ಅಸಲಿನದು ರಕ್ತದಲ್ಲಿ ಏರಿಳಿದ ರೀತಿಯಲ್ಲೇ ಇದೂ ಏರಿಳಿಯುತ್ತದೆಯೇ ಅಂತ ನೋಡುತ್ತಾರೆ. ಅಮೆರಿಕದವರೂ ಈ ಪರೀಕ್ಷೆ ಕೇಳಿಯೇ ನಮ್ಮ ದೇಶದ ಕಾರ್ಖಾನೆಗಳಿಂದ ಜೆನೆರಿಕ್ ತರಿಸಿಕೊಳ್ಳುವುದು. ನನ್ನ ಮಟ್ಟಿಗೆ ಹೇಳುವುದಾದರೆ, ಲೈಸೆನ್ಸ್ ಇರುವ ಅಂಗಡಿಯಲ್ಲಿ, ಡಾಕ್ಟರ ಚೀಟಿ ಕೊಟ್ಟು, ಬಿಲ್ಲು ಪಡೆದು ತಂದ ಜೆನೆರಿಕ್ ಸಾಕು. ಬೆಲೆ ಜಾಸ್ತಿಯಾದ್ದು ಗಟ್ಟಿ ಅನ್ನುವುದು ರೇಷ್ಮೆ ಸೀರೆಗೆ ಸರಿ, ಮಾತ್ರೆಗಲ್ಲ. ಜನೌಷಧಿ ಕೇಂದ್ರ ಹತ್ತಿರವಿದ್ದರೆ ಅಲ್ಲೂ ಒಮ್ಮೆ ವಿಚಾರಿಸಿ. ಒಂದೇ ಔಷಧಿಗೆ ಕಂಪನಿಯಿಂದ ಕಂಪನಿಗೆ ಬೆಲೆ ಹಲವು ಪಟ್ಟು ವ್ಯತ್ಯಾಸ ಇರುತ್ತೆ. ಸ್ನೇಹಿತರ ಜೇಬಿನಿಂದ ಬಿಡಿಬಿಡಿಯಾಗಿ ಬಂದ ಮಾತ್ರೆ ಮಾತ್ರ, ಎಷ್ಟು ದೊಡ್ಡ ಕಂಪನಿಯ ಹೆಸರಿದ್ದರೂ, ಬೇಡ. ಹೆಚ್ಚಾಗಿ ನಕಲಿ ಮಾಡುವ ಮಾತ್ರೆಗಳಲ್ಲಿ ಇದೂ ಒಂದು. ನಾಚಿಕೆಯಿಂದ ಯಾರೂ ದೂರು ಕೊಡುವುದಿಲ್ಲವಲ್ಲ!

ನಿಜಕ್ಕೂ ದೊಡ್ಡ ವ್ಯತ್ಯಾಸ ಇರುವುದು ಬ್ರಾಂಡಿಗೂ ಜೆನೆರಿಕ್ಕಿಗೂ ಅಲ್ಲ, ಸಿಲ್ಡೆನಾಫಿಲ್ಲಿಗೂ ಟಡಾಲಾಫಿಲ್ಲಿಗೂ. ಮೊದಲನೆಯದನ್ನು ಸುಮಾರು ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ನಾಲ್ಕೈದು ಗಂಟೆಯ ಕೆಲಸ. ಪೂರಿ ಸಾಗು, ಬಿರಿಯಾನಿ ಅಂತ ಎಣ್ಣೆ ತುಪ್ಪದ ಊಟ ಹೊಡೆದು ನುಂಗಿದರೆ ನಿಧಾನವಾಗುತ್ತದೆ, "ಮಾತ್ರೆ ಸುಳ್ಳು" ಅಂತ ಇನ್ನೊಂದು ನುಂಗುವವರು ಇವರೇ. ದಿನಕ್ಕೆ ಒಂದಕ್ಕಿಂತ ಹೆಚ್ಚು ಕೂಡದು. ಸಾಮಾನ್ಯವಾಗಿ 50 ಮಿಲಿಗ್ರಾಂನಿಂದ, 65 ದಾಟಿದವರಿಗೆ 25ರಿಂದ ಶುರುಮಾಡುತ್ತಾರೆ. ಟಡಾಲಾಫಿಲ್ಲಿಗೆ ಊಟದ ಕಟ್ಟುಪಾಡಿಲ್ಲ, 36 ಗಂಟೆಯವರೆಗೂ ಅದರ ಪರಿಣಾಮ ಇರಬಹುದು. ಸಣ್ಣ ಪ್ರಮಾಣದಲ್ಲಿ ದಿನಾ ತೆಗೆದುಕೊಳ್ಳುವ ಕ್ರಮವೂ ಇದೆ, ಪ್ರಾಸ್ಟೇಟ್ ತೊಂದರೆಗೂ ಕೊಡುತ್ತಾರೆ. ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು ಎರಡರಲ್ಲೂ ಇದ್ದದ್ದೇ.

ಇನ್ನು ಮೈದುನನ "ಬೆರೆಸಿ ಮಾಡಿದ್ದು". ನಿಮ್ಮಲ್ಲಿ ಎಷ್ಟು ಜನಕ್ಕೆ ಕಾಂಪೌಂಡರ್ ನೆನಪಿದ್ದಾರೆ? ನಾನು ಚಿಕ್ಕವಳಾಗಿದ್ದಾಗ ತಿಪಟೂರಿನಲ್ಲಿ ಡಾಕ್ಟರು ಚೀಟಿ ಬರೆದರೆ, ಮರದ ಕಿಟಕಿಯ ಆಚೆ ಕಾಂಪೌಂಡರ್ ಎರಡು ಮೂರು ಸೀಸೆಯಿಂದ ಬಗ್ಗಿಸಿ, ಕಲಕಿ, ಗುಲಾಬಿ ಬಣ್ಣದ ಮಿಕ್ಸ್ಚರ್ ಮಾಡಿಕೊಡುತ್ತಿದ್ದರು. ಬಾಟಲಿಯ ಪಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿರುತ್ತಿತ್ತು, ಒಂದೊಂದು ಹಲ್ಲು ಒಂದೊಂದು ಹೊತ್ತಿನ ಅಳತೆ. ಅಮೆರಿಕದಲ್ಲಿ ಈಗಲೂ ಕಾಂಪೌಂಡಿಂಗ್ ಫಾರ್ಮಸಿ ಅಂತ ಇರುವುದು ಹೆಚ್ಚುಕಡಿಮೆ ಅದೇ ಕಸುಬು. ಮಾತ್ರೆ ನುಂಗಲಾಗದವರಿಗೆ, ಯಾವುದೋ ಬಣ್ಣಕ್ಕೆ ಅಲರ್ಜಿ ಇರುವವರಿಗೆ, ಅಂಗಡಿಯಲ್ಲಿ ಸಿಗದ ಅಳತೆ ಬೇಕಾದವರಿಗೆ ಅದು ಉಪಕಾರವೇ. ಅದನ್ನು ಹೀಗಳೆಯಲಾರೆ.

ಆದರೆ ಈ ವಿಷಯದಲ್ಲಿ ಅಲ್ಲಿ ಮಾರುವುದೇನು? ಸಿಲ್ಡೆನಾಫಿಲ್, ಟಡಾಲಾಫಿಲ್ ಎರಡನ್ನೂ ಸೇರಿಸಿ, ಇನ್ನೂ ಒಂದೆರಡು ಔಷಧಿ ಬೆರೆಸಿ, ಪುದೀನಾ ರುಚಿಯ ಚೀಪುವ ಬಿಲ್ಲೆ, ಅಗಿಯುವ ಮಾತ್ರೆ ಮಾಡಿ, "ನಿಮಗಾಗಿಯೇ ತಯಾರಿಸಿದ್ದು" ಅಂತ ಮನೆಗೆ ಕಳಿಸುತ್ತಾರೆ. ಡಾಕ್ಟರ ಮುಖವನ್ನೂ ನೋಡದೆ ಫೋನಿನಲ್ಲೇ ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟು ತರಿಸಿಕೊಳ್ಳುವವರಿದ್ದಾರೆ. ಇಂಥ ಬೆರಕೆಯನ್ನು ಮಾರುವ ಮೊದಲು ಅಲ್ಲಿನ ಔಷಧಿ ಇಲಾಖೆ ಪರೀಕ್ಷಿಸಿ ಒಪ್ಪಿಗೆ ಕೊಟ್ಟಿರುವುದಿಲ್ಲ. ಬ್ರಾಂಡಿಗೂ ಜೆನೆರಿಕ್ಕಿಗೂ ಕೊಟ್ಟಿರುತ್ತದೆ. ಈ ಜಾತಿಯ ಎರಡು ಔಷಧಿಯನ್ನು ಒಟ್ಟಿಗೆ ತೆಗೆದುಕೊಳ್ಳಬೇಡಿ ಅಂತ ಮೂಲ ಕಂಪನಿಗಳ ಕಾಗದದಲ್ಲೇ ಇದೆ! ನಾವು ಮನೆಯಲ್ಲಿ ಹುಳಿಪುಡಿ ಮಾಡಿದಾಗ ಈ ಸಲ ಮೆಂತ್ಯ ಒಂದು ಚಿಟಿಕೆ ಜಾಸ್ತಿಯಾದರೆ ಸಾರು ಕಹಿ, ಅಷ್ಟೇ. ಇಲ್ಲಿ ಆ ಚಿಟಿಕೆ ರಕ್ತದೊತ್ತಡದ ಲೆಕ್ಕ.

ಕೈಯಲ್ಲಿ ಬೆರೆಸುವ ಕೆಲಸ ತಪ್ಪಿದರೆ ಏನಾಗುತ್ತೆ ಅನ್ನುವುದಕ್ಕೆ ಅಮೆರಿಕದಲ್ಲೇ ಉದಾಹರಣೆ ಇದೆ. 2012ರಲ್ಲಿ ಮೆಸಾಚುಸೆಟ್ಸ್ ರಾಜ್ಯದ ಒಂದು ಕಾಂಪೌಂಡಿಂಗ್ ಫಾರ್ಮಸಿ ಮಾಡಿದ ಬೆನ್ನುನೋವಿನ ಇಂಜೆಕ್ಷನ್ನಿನಲ್ಲಿ ಬೂಷ್ಟು ಸೇರಿ, 700ಕ್ಕೂ ಹೆಚ್ಚು ಜನಕ್ಕೆ ಕಾಯಿಲೆಯಾಗಿ 60ಕ್ಕೂ ಹೆಚ್ಚು ಜನ ಸತ್ತರು. ಅದು ಈ ಮಾತ್ರೆಯಲ್ಲ, ನಿಜ. ಆದರೆ ಮರುವರ್ಷವೇ ಅವರು ಕಾನೂನು ಬಿಗಿ ಮಾಡಬೇಕಾಗಿ ಬಂತು. ನಮ್ಮ ಸೋದರಿಯ ಯಜಮಾನರಿಗೆ ಮಾತ್ರೆ ನುಂಗಲು ಬರುತ್ತದೆ, ಯಾವ ಅಲರ್ಜಿಯೂ ಇಲ್ಲ. ಹಾಗಿರುವಾಗ ಸಮುದ್ರ ದಾಟಿಸಿ ಬೆರಕೆ ತರಿಸುವ ಅಗತ್ಯ ನನಗಂತೂ ಕಾಣಲಿಲ್ಲ. ಮೈದುನನಿಗೆ ಬಾದಾಮಿ ತರಲು ಹೇಳಿ.

ಪತ್ರದಲ್ಲಿ ಕೇಳದೇ ಇದ್ದರೂ ಇನ್ನೊಂದು ಬಗೆ ಹೇಳದಿದ್ದರೆ ತಪ್ಪಾದೀತು. ರೈಲಿನ ಕಿಟಕಿಯಿಂದ ಕಾಣುವ ಗೋಡೆಗಳ ಮೇಲೆ "ಗುಪ್ತ ಸಮಸ್ಯೆ"ಗೆ ಗ್ಯಾರಂಟಿ ಅಂತ ಬರೆದಿರುತ್ತದಲ್ಲ, ಆ ಪುಡಿ, ಲೇಹ್ಯಗಳು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಕಾಯಿದೆಯೇ ನಿಷೇಧಿಸಿದೆ. ಆದರೂ ಗೋಡೆಗಳು ಖಾಲಿಯಿಲ್ಲ! ಗಿಡಮೂಲಿಕೆ ಅಂತ ಮಾರುವ ಇಂಥ ಎಷ್ಟೋ ಪೊಟ್ಟಣಗಳಲ್ಲಿ ಹೆಸರು ಹೇಳದೆ ಇದೇ ಸಿಲ್ಡೆನಾಫಿಲ್ ಬೆರೆಸಿರುವುದು ಬೇರೆ ಬೇರೆ ದೇಶಗಳ ಪರೀಕ್ಷೆಯಲ್ಲಿ ಸಿಕ್ಕಿದೆ. "ಬರೀ ಬೇರು ನಾರು, ಅಡ್ಡ ಪರಿಣಾಮವಿಲ್ಲ" ಅಂತ ನಂಬಿ ತಿನ್ನುವವರಿಗೆ ತಾವು ಏನು ತಿಂದೆವೆಂದೇ ಗೊತ್ತಿರುವುದಿಲ್ಲ.

ಗೊತ್ತಿಲ್ಲದಿದ್ದರೆ ಏನು ಮಹಾ ಅಂತೀರಾ? ಇಲ್ಲೇ ಇದೆ ನಾನು ಈ ಪತ್ರಕ್ಕೆ ಒಂದಿಡೀ ಅಂಕಣ ಮೀಸಲಿಟ್ಟ ಕಾರಣ.

ನಮ್ಮ ಬಡಾವಣೆಯ ಒಬ್ಬ ದಂಪತಿಯ ವಿಷಯ, ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಆತನಿಗೆ 58. ಒಂದು ರಾತ್ರಿ ಹನ್ನೊಂದು ಗಂಟೆಗೆ ಎದೆ ಹಿಂಡಿದ ಹಾಗಾಗಿ ಬೆವರಿದರು. ತೀರಿಹೋದ ಮಾವನವರ ಕಾಲದ ಅಭ್ಯಾಸ, ಆಕೆ ದೇವರ ಮನೆಯ ಗೂಡಿನಲ್ಲಿ ಸೋರ್ಬಿಟ್ರೇಟ್ ಇಟ್ಟಿರುತ್ತಿದ್ದರು. ಓಡಿಹೋಗಿ ತಂದು ನಾಲಿಗೆ ಕೆಳಗೆ ಇಡಲು ಹೋದರೆ ಆತ ಗಬಕ್ಕನೆ ಮುಂಗೈ ಹಿಡಿದುಕೊಂಡರು. "ಬೇಡ ಕಣೇ, ನಾನು ಆ ಇನ್ನೊಂದು ಮಾತ್ರೆ ತಗೊಂಡಿದೀನಿ." "ಯಾವ ಇನ್ನೊಂದು ಮಾತ್ರೆ ರೀ?" ಬೆವರಿನಲ್ಲೇ ಹೇಳಿದರು. ಆರು ತಿಂಗಳಿಂದ ಬೀರುವಿನಲ್ಲಿ ಮುಚ್ಚಿಟ್ಟು ತೆಗೆದುಕೊಳ್ಳುತ್ತಿದ್ದರಂತೆ. ಆಕೆ ಜಗಳ ಆಡದೆ 108ಕ್ಕೆ ಫೋನು ಮಾಡಿ, ಆ ಖಾಲಿ ಸ್ಟ್ರಿಪ್ಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಸ್ಪತ್ರೆಗೆ ಹೋದರು. ಬಾಗಿಲಲ್ಲೇ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಬೇರೆ ದಾರಿಯ ಚಿಕಿತ್ಸೆ ಕೊಟ್ಟರು. ಈಗ ಇಬ್ಬರೂ ಬೆಳಗ್ಗೆ ಒಟ್ಟಿಗೆ ವಾಕಿಂಗ್ ಹೋಗುತ್ತಾರೆ.

ಕಾರಣ ಏನೆಂದರೆ, ಸೋರ್ಬಿಟ್ರೇಟಿನಂಥ ಎದೆನೋವಿನ ನೈಟ್ರೇಟ್ ಔಷಧಿಗಳೂ ದೇಹದಲ್ಲಿ ಅದೇ ನೈಟ್ರಿಕ್ ಆಕ್ಸೈಡ್ ಹೊರಡಿಸಿ ರಕ್ತನಾಳ ಸಡಿಲಿಸುತ್ತವೆ. ಬಿಗಿ ಮಾಡುವ ಕಿಣ್ವದ ಕೈಯನ್ನು ಈ ಮಾತ್ರೆ ಕಟ್ಟಿಹಾಕಿರುತ್ತದೆ. ಎರಡೂ ಸೇರಿದರೆ ರಕ್ತದೊತ್ತಡ ದಬದಬನೆ ಕುಸಿಯುತ್ತದೆ, ಜೀವವೇ ಹೋಗಬಹುದು. ಸಿಲ್ಡೆನಾಫಿಲ್ ತಗೊಂಡು 24 ಗಂಟೆ, ಟಡಾಲಾಫಿಲ್ ತಗೊಂಡು 48 ಗಂಟೆ ಆಗುವವರೆಗೆ ನೈಟ್ರೇಟ್ ಕೊಡಕೂಡದು. ಬ್ರಾಂಡಾಗಲಿ, ಜೆನೆರಿಕ್ಕಾಗಲಿ, ಅಮೆರಿಕದ ಪುದೀನಾ ಬಿಲ್ಲೆಯಾಗಲಿ, ಈ ವಿಷಯದಲ್ಲಿ ಮೂರೂ ಒಂದೇ. ದಿನಾ ನೈಟ್ರೇಟ್ ತೆಗೆದುಕೊಳ್ಳುವ ಹೃದ್ರೋಗಿಗಳಿಗೆ ಈ ಮಾತ್ರೆಯೇ ಇಲ್ಲ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ನುಂಗುವವರೂ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಅದರ ಜೊತೆಗೂ ಒತ್ತಡ ಇಳಿಯುವುದುಂಟು. ಈಗಂತೂ ಮೊಬೈಲಿಗೆ ಬರುವ ಸಂದೇಶ ನಂಬಿ ಎಷ್ಟೋ ಮನೆಯಲ್ಲಿ ಸೋರ್ಬಿಟ್ರೇಟ್ ತಂದಿಟ್ಟುಕೊಂಡಿದ್ದಾರೆ. ನಿಮ್ಮ ಮನೆಯಲ್ಲಿ ಇದ್ದರೆ ಆ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ: "ಕೊಡುವ ಮೊದಲು ಕೇಳು." ಗಂಡಸರು ಎಲ್ಲ ಹೇಳುವುದಿಲ್ಲ, ಪಕ್ಕದಲ್ಲಿ ಅತ್ತೆ, ಮಕ್ಕಳು ನಿಂತಿದ್ದರಂತೂ ಬಾಯೇ ಬಿಡುವುದಿಲ್ಲ. ಎಲ್ಲರನ್ನೂ ಆಚೆ ಕಳಿಸಿ ಕೇಳಿ.

ಇನ್ನೊಂದು ಮಾತು ಡಾಕ್ಟರಮ್ಮ ಒತ್ತಿ ಹೇಳಿದರು. ಗಂಡಸರ ಆ ಭಾಗದ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಪೂರ. ಕೊಬ್ಬು ಕಟ್ಟಲು ಶುರುವಾದರೆ ಮೊದಲು ತೊಂದರೆ ಕಾಣುವುದು ಸಪೂರದ ಕೊಳವೆಯಲ್ಲೇ ತಾನೆ? ಎದೆನೋವು ಬರುವುದಕ್ಕೆ ಎರಡು ಮೂರು ವರ್ಷ ಮೊದಲೇ ಈ ತೊಂದರೆ ಕಾಣಿಸಿಕೊಳ್ಳುವುದುಂಟಂತೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ ಸಿಗರೇಟು ಇದ್ದವರಲ್ಲಿ ಇನ್ನೂ ಹೆಚ್ಚು. ಸ್ನೇಹಿತರಿಂದ ಮಾತ್ರೆ ಪಡೆದು ನುಂಗುವುದರ ದೊಡ್ಡ ನಷ್ಟ ಇದು. ಕೆಲಸ ನಡೆಯಿತು ಅಂತ ಸುಮ್ಮನಾಗುತ್ತಾರೆ, ಒಳಗಿನ ಕಾಯಿಲೆ ಹಾಗೇ ಬೆಳೆಯುತ್ತದೆ. ಕೆಲವು ರಕ್ತದೊತ್ತಡದ ಮಾತ್ರೆಗಳಿಂದ, ಮನಸ್ಸಿನ ಕಾಯಿಲೆಯ ಮಾತ್ರೆಗಳಿಂದಲೂ ಈ ತೊಂದರೆ ಬರುವುದುಂಟು. ಹಾಗಿದ್ದರೆ ಅದನ್ನು ಬದಲಾಯಿಸಿಕೊಟ್ಟರೆ ಸಾಕು, ಇದು ಬೇಕಾಗುವುದೇ ಇಲ್ಲ.

ಅಪರೂಪಕ್ಕೆ ನಾಲ್ಕು ಗಂಟೆ ಕಳೆದರೂ ಇಳಿಯದೇ ಇರುವುದು, ಇದ್ದಕ್ಕಿದ್ದಂತೆ ಒಂದು ಕಣ್ಣು ಕಾಣದಾಗುವುದು ಆಗಬಹುದು. ಆಗ ನಾಚಿಕೆ ಪಕ್ಕಕ್ಕಿಟ್ಟು, ಅದು ಯಾವ ಹೊತ್ತಾದರೂ ಸರಿ, ಆಸ್ಪತ್ರೆಗೆ ಹೊರಡಿ.

ಪತ್ರದ ಕೊನೆಗೆ ಆ ಸೋದರಿ "ನಾನೂ ಅವರ ಜೊತೆ ಡಾಕ್ಟರ ಹತ್ತಿರ ಹೋಗಬಹುದೇ, ತಪ್ಪು ತಿಳಿಯುವುದಿಲ್ಲವೇ?" ಅಂತ ಕೇಳಿದ್ದಾರೆ. ಖಂಡಿತ ಹೋಗಿ ತಾಯಿ. ಸಕ್ಕರೆ ಕಾಯಿಲೆಗೆ ನೋಡುವ ಡಾಕ್ಟರೇ ಮೊದಲಿಗೆ ಸಾಕು, ಬೇಕಾದರೆ ಅವರೇ ಯೂರಾಲಜಿಸ್ಟ್ ಹತ್ತಿರ ಕಳಿಸುತ್ತಾರೆ. ಹೋಗುವಾಗ ಯಜಮಾನರು ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ, ಜೇಬಿನಲ್ಲಿ ಸಿಕ್ಕಿದ್ದನ್ನೂ ಸೇರಿಸಿ. ತಿಂಡಿ ತಿನ್ನದೆ ಬೆಳಗ್ಗೆಯೇ ಹೋದರೆ ಸಕ್ಕರೆಗೂ ಕೊಲೆಸ್ಟರಾಲಿಗೂ ಒಂದೇ ಸಲ ರಕ್ತ ಕೊಟ್ಟು ಬರಬಹುದು. ಬೆಳಗಿನ ಸಕ್ಕರೆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿಸಬೇಡಿ, ರಕ್ತ ಕೊಟ್ಟ ಮೇಲೆ ತಿಂಡಿಯ ಹೊತ್ತಿಗೆ ಕೊಡಿ. ಡಬ್ಬಿಯಲ್ಲಿ ಎರಡು ಚಪಾತಿ ಕಟ್ಟಿಕೊಂಡು ಹೋಗಿ, ಅಲ್ಲಿನ ಕ್ಯಾಂಟೀನಿನ ಎಣ್ಣೆ ದೋಸೆ ಬೇಡ.